ಅಮೀನವ್ವನ ದನಿ ಹುಡುಕಿದ ಬೇಸಿಗೆ

ಕಳೆದ ವಾರ ತಿಕೋಟಾದಲ್ಲಿ ಬಸ್ಸಿಳಿದು ರಸ್ತೆ ದಾಟುತ್ತಿದ್ದಾಗ ಗಂಧಕದ ಹೊಗೆ ಮೂಗಿಗೆ ಬಡಿಯಿತು. ಊರ ಹೊರಗಿನ ಶೆಡ್ಡುಗಳಲ್ಲಿ ಮಣೂಕಕ್ಕೆ ಹೊಗೆ ಕೊಡುತ್ತಿದ್ದರು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತಾರೆ. ಅದಕ್ಕೆ ಹೊಂಬಣ್ಣ ಬರಲೆಂದು ಗಂಧಕ ಸುಡುತ್ತಾರೆ. ಗಂಟಲು ಕೆರೆಯುವ ವಾಸನೆ ಅದು. ನನ್ನ ಜೊತೆ ಇಳಿದವರು ಮೂಗಿಗೆ ಸೆರಗು ಹಿಡಿದು ಬೇಗ ಬೇಗ ನಡೆದರು. ನಾನು ಮಾತ್ರ ಪಾನ್ ಅಂಗಡಿಯ ನೆರಳಿಗೆ ನಿಂತು ಒಂದಿಷ್ಟು ಹೊತ್ತು ಅದನ್ನೇ ಉಸಿರಾಡಿದೆ. ಮೂರು ವರ್ಷದ ಹಿಂದಿನ ಒಂದು ಬೇಸಿಗೆ ಪೂರ್ತಿ ನನ್ನ ಬಟ್ಟೆ, ತಲೆಗೂದಲು, ಊಟದ ಡಬ್ಬಿ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು. ಸತ್ತುಹೋದ ಹಾಡುಗಾರ್ತಿಯೊಬ್ಬಳನ್ನು ಹುಡುಕಲು ಹೋಗಿ, ಬದುಕಿರುವ ಇನ್ನೊಬ್ಬಳನ್ನು ಕಂಡ ಬೇಸಿಗೆ ಅದು.

ಆಗ ನಾನು ತಿಕೋಟಾ ಹತ್ತಿರದ ಒಂದು ಶೆಡ್ಡಿನಲ್ಲಿ ಮಣೂಕ ಆರಿಸುವ ಹೆಂಗಸರ ಮೇಲ್ವಿಚಾರಣೆ ನೋಡುತ್ತಿದ್ದೆ. ಶಿವರಾತ್ರಿ ಹೊತ್ತಿಗೆ ತೋಟಗಳಿಂದ ದ್ರಾಕ್ಷಿ ಬರತೊಡಗುತ್ತಿತ್ತು. ಬಲೆ ಕಟ್ಟಿದ ಅಂತಸ್ತುಗಳ ಮೇಲೆ ಗೊನೆಗಳನ್ನು ಹರವುತ್ತಿದ್ದರು. ಎರಡು ವಾರ ಬಿಸಿಗಾಳಿ ಆಡಿದರೆ ಹಣ್ಣು ಸುಕ್ಕಾಗಿ ಉದುರಲು ತಯಾರು. ಎಲ್ಲಿಯಾದರೂ ಒಂದು ತುಂಡು ಮೋಡ ಕಂಡರೆ ಸಾಕು, ಮಾಲಕರು ಮೇಲಿಂದ ಮೇಲೆ ಹೊರಗೆ ಬಂದು ಆಕಾಶ ನೋಡುತ್ತಿದ್ದರು. ಉದುರಿದ ಮಣೂಕವನ್ನು ತಾಡಪತ್ರಿಯ ಮೇಲೆ ಸುರುವಿಕೊಂಡು ಮೂವತ್ತು ಮಂದಿ ಹೆಂಗಸರು ದೇಟು ಬಿಡಿಸುತ್ತಿದ್ದರು, ಬಣ್ಣ ಬೇರೆ, ಗಾತ್ರ ಬೇರೆ ಮಾಡುತ್ತಿದ್ದರು. ಆ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು, ಕಿವಿ ಬೇಕಾಗಿಲ್ಲ. ಹಾಗಾಗಿ ಅಲ್ಲಿ ಇಡೀ ದಿನ ಯಾರದಾದರೂ ಫೋನು ಹಾಡುತ್ತಲೇ ಇರುತ್ತಿತ್ತು.

ಆ ಫೋನುಗಳಿಂದ ಮತ್ತೆ ಮತ್ತೆ ಬರುತ್ತಿದ್ದ ದನಿ ಕಳ್ಳಕವಟಗಿ ಅಮೀನವ್ವನದು. ಹತ್ತಿ ಹಿಂಜುವ ಪಿಂಜಾರರ ಮನೆಯಲ್ಲಿ ಹುಟ್ಟಿ, ಗೀಗೀ ಪದ ಹಾಡಿ ಹೆಸರಾದವಳು. ತೀರಿಕೊಂಡು ಹದಿನೈದು ವರ್ಷವಾಗಿತ್ತು. ನಮ್ಮ ಕಡೆ ಗೀಗೀ ಮೇಳಗಳು ಎರಡು ಪಂಗಡವಾಗಿ ವಾದಕ್ಕೆ ಇಳಿಯುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ. ಡಪ್ಪು ಹಿಡಿದು ಮುಂದೆ ನಿಂತವರು ಪದ ಹೇಳಿದರೆ, ಹಿಂದೆ ನಿಂತ ಇಬ್ಬರು ಜೀ ಜೀ ಎಂದು ಸೊಲ್ಲು ಎತ್ತಿಹಿಡಿಯುತ್ತಾರೆ. ಅಮೀನವ್ವ ನಾಗೇಶಿಯವಳು. ಆಕೆಯ ಒಂದು ಕ್ಯಾಸೆಟ್ಟಿನ ಪದ ಯಾರೋ ಫೋನಿಗೆ ಇಳಿಸಿ, ಅದು ಊರೂರು ಸುತ್ತುತ್ತಿತ್ತು. ‘ಹೊಟ್ಟ್ಯಾಗ ಹೊತ್ತಾಕಿ ಹಿಂದ ನಿಂತಾಳ, ಹುಟ್ಟಿ ಬಂದಾಂವ ಮುಂದ ಕುಂತಾನ’ ಎಂಬ ಸಾಲು ಬಂದಾಗ ಶೆಡ್ಡಿನ ಮೂವತ್ತು ಮಂದಿಯೂ ಸೊಲ್ಲು ಹಿಡಿಯುತ್ತಿದ್ದರು, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ನನಗೆ ಆ ದನಿ ಹಿಡಿಸಿದ್ದಕ್ಕೆ ನನ್ನದೇ ಕಾರಣವಿತ್ತು. ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆ. ತಂದೆ, ನಮ್ಮ ಅಬ್ಬಾ, ದರ್ಜಿ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತೇವೆ, ಹೊಸ್ತಿಲು ದಾಟಿದರೆ ಕನ್ನಡ. ಒಂದನೆಯ ಇಯತ್ತೆಯಿಂದ ಪದವಿಯವರೆಗೆ ಓದಿದ್ದೆಲ್ಲ ಕನ್ನಡದಲ್ಲಿ. ಆದರೂ ಎಲ್ಲಿ ಹೋದರೂ ಯಾರಾದರೊಬ್ಬರು, ಶಾಹೀನ್ ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗೆ ಮಾತ್ರ ನಮ್ಮ ಮನೆಗೆ ನನ್ನನ್ನೇ ಅತಿಥಿಯಾಗಿ ಕರೆದಂತೆ ಆಗುತ್ತಿತ್ತು. ಅಮೀನವ್ವನ ದನಿ ಕೇಳಿದಾಗ ಆ ಕಿರಿಕಿರಿ ಇರುತ್ತಿರಲಿಲ್ಲ. ಇವಳಿಗೆ ಯಾರು ಹಾಗೆ ಹೇಳಿದ್ದಾರು ಅನ್ನಿಸುತ್ತಿತ್ತು.

ಕಾಲೇಜಿನಲ್ಲಿ ನನ್ನ ಜೊತೆ ಓದಿದ ಸುಜಾತಾ ಬಬಲೇಶ್ವರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಅವಳದು ಬೌದ್ಧ ಮನೆತನ. ಅಜ್ಜನ ಕಾಲದಲ್ಲಿ ದಲಿತ ಕೇರಿಯಿಂದ ಧಮ್ಮಕ್ಕೆ ಬಂದವರು. ನಾವಿಬ್ಬರೂ ಸೇರಿ ಆ ವರ್ಷ ಒಂದು ಪಾಡ್‌ಕಾಸ್ಟ್ ಶುರು ಮಾಡಿದ್ದೆವು. ನಮ್ಮ ಸುತ್ತಲಿನ ಊರುಗಳ, ಈಗಿಲ್ಲದ ಹಾಡುಗಾರರ ಬದುಕನ್ನು ಕಂತು ಕಂತಾಗಿ ಹೇಳುವುದು. ಸುಜಾತಾಳ ಮನೆಯ ಜೋಳದ ಚೀಲಗಳ ಕೋಣೆಯೇ ನಮ್ಮ ಸ್ಟುಡಿಯೋ, ಚೀಲಗಳಿದ್ದುದರಿಂದ ಅಲ್ಲಿ ದನಿ ಮಾರ್ದನಿಸುತ್ತಿರಲಿಲ್ಲ. ಮೊದಲೆರಡು ಕಂತು ಕೇಳಿದವರು ನಮ್ಮ ನೆಂಟರು ಮಾತ್ರ, ಅವರೂ ಪೂರ್ತಿ ಕೇಳಿದ್ದರೆಂದು ನಂಬಿಕೆಯಿಲ್ಲ.

ಮೂರನೆಯದು ಅಮೀನವ್ವನ ಮೇಲೆ, ಆಕೆಯ ಕತೆಯ ಮೊದಲ ಕಂತು. ಕಳ್ಳಕವಟಗಿಯ ಹಿರಿಯರಿಂದ ಕೇಳಿದ್ದನ್ನೆಲ್ಲ ಸೇರಿಸಿದ್ದೆವು. ಎಂಟು ವರ್ಷದ ಹುಡುಗಿ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಕರ್ಬಲಾದ ಪದ ಹಾಡಿದ್ದು, ಅದನ್ನು ಕೇಳಿದ ನಾಗೇಶಿ ಮೇಳದ ಮುದುಕಿಯೊಬ್ಬಳು ಅವಳನ್ನು ಕೇಳಿ ಪಡೆದದ್ದು, ದೊಡ್ಡವಳಾದ ಮೇಲೆ ಹರದೇಶಿಯ ಗಂಡಸರನ್ನು ಅಮೀನವ್ವ ಮಾತಿಗೆ ಮಾತು ಕೊಟ್ಟು ಕೂರಿಸಿದ್ದು. ಆ ಕಂತನ್ನು ನಾನು ಶೆಡ್ಡಿನಲ್ಲಿ ಸಣ್ಣ ಸ್ಪೀಕರಿಗೆ ಹಚ್ಚಿದೆ. ಮುಗಿದ ಮೇಲೆ ಸಾಲಿನ ತುದಿಯಲ್ಲಿ ಕೂರುತ್ತಿದ್ದ ಶಾಂತವ್ವ, ಈ ಫೋನಿನ ರೇಡಿಯೋ ಮತ್ತೊಮ್ಮೆ ಹಚ್ಚಲು ಹೇಳಿದಳು.

ಅಲ್ಲಿಂದ ಅದು ನಮ್ಮ ಕೈ ಮೀರಿ ಹೋಯಿತು. ದುಡಿಯಲು ಹೋದ ನಮ್ಮ ಊರುಗಳ ಮಂದಿ ಸಾಂಗ್ಲಿ, ಪುಣೆ, ಗೋವಾದಿಂದ ಫೋನಿಗೆ ದನಿಸಂದೇಶ ಕಳಿಸತೊಡಗಿದರು. ಪುಣೆಯಲ್ಲಿ ಗೌಂಡಿ ಕೆಲಸ ಮಾಡುವ ಒಬ್ಬರು, ತಮ್ಮ ಮಕ್ಕಳಿಗೆ ಕನ್ನಡ ಅಂದರೆ ಅಜ್ಜಿಯ ಬೈಗುಳ ಮಾತ್ರ ಗೊತ್ತಿತ್ತು, ಈಗ ಒಂದು ಪದ ಗೊತ್ತಾಗಿದೆ ಎಂದಿದ್ದರು. ನಮ್ಮ ಪೇಟೆಯ ಒಬ್ಬ ಕಾಲೇಜು ಹುಡುಗಿ ಬುರ್ಖಾ ಹಾಕಿಕೊಂಡೇ ವೇದಿಕೆ ಹತ್ತಿ ಅಮೀನವ್ವನ ಪದ ಹಾಡಿದ್ದನ್ನು ಕಳಿಸಿದಳು. ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಅಬ್ಬಾ ಕೂಡ ಮಿಷನ್ನು ನಿಲ್ಲಿಸಿ ನೋಡಿದರು. ಕಳ್ಳಕವಟಗಿಯ ತರುಣರು ತಮ್ಮ ಸಮುದಾಯ ಭವನದಲ್ಲಿ ಅಮೀನವ್ವನ ಫೋಟೋ ಹಚ್ಚುವುದಾಗಿಯೂ, ಯುಗಾದಿ ಮುಗಿದ ಮೇಲೆ ಕಾರ್ಯಕ್ರಮ ಮಾಡುವುದಾಗಿಯೂ, ಆಕೆಯ ಕತೆಯ ಕೊನೆಯ ಕಂತನ್ನು ಅಲ್ಲಿಯೇ ಕೇಳಿಸಬೇಕೆಂದೂ ನಮ್ಮನ್ನು ಕರೆದರು. ನಾವು ಒಪ್ಪಿಕೊಂಡೆವು.

ಕೊನೆಯ ಕಂತಿಗೆ ಅಮೀನವ್ವನ ಮಗಳ ಮಾತು ಬೇಕಿತ್ತು. ಆಕೆ, ಮುಮತಾಜ ಖಾಲಾ, ನಮ್ಮ ಮನೆಯಿಂದ ನಾಲ್ಕು ಗಲ್ಲಿ ಆಚೆಗೇ ಇದ್ದಳು. ಖಾಲಾ, ಅಂದರೆ ಚಿಕ್ಕಮ್ಮ, ಅನ್ನುವುದು ರೂಢಿ, ರಕ್ತ ಸಂಬಂಧವಿಲ್ಲ. ಎರಡು ಸಲ ಹೋದಾಗ ಚಹಾ ಕೊಟ್ಟು, ಬೇರೆ ಮಾತಾಡಿ ಕಳಿಸಿದಳು. ಮೂರನೆಯ ಸಲ ನಾನು ಏಳಲಿಲ್ಲ. ಅಲ್ಲಿಯವರೆಗೆ ದಖನಿಯಲ್ಲಿ ಮಾತಾಡುತ್ತಿದ್ದವಳು ತಾಯಿಯ ಮಾತು ಬಂದಕೂಡಲೇ ಕನ್ನಡಕ್ಕೆ ಹೊರಳಿದಳು.

“ನೀವು ಆಕಿನ್ನ ದೊಡ್ಡಾಕಿ ಮಾಡಾಕತ್ತೀರಿ, ಮಾಡ್ರಿ. ನಾ ಆಕಿ ಮಗಳಾಗಿ ಏನೇನ ಕೇಳೇನಿ, ಅದು ನಿಮಗ ಗೊತ್ತಿಲ್ಲ. ನನ್ನ ನೋಡಾಕ ಬಂದವರು ಹಾಡಾಕಿ ಮಗಳು ಅಂದು ಎದ್ದು ಹೋಗ್ಯಾರ. ಒಬ್ಬರಲ್ಲ, ಮೂರು ಮಂದಿ.”

ಆಕೆ ಎದ್ದು ಒಲೆಯ ಮೇಲಿನ ಚಹಾ ಇಳಿಸಿದಳು. ಆಮೇಲೆ ನಾವು ಎಲ್ಲರಿಗೂ ಕೇಳಿಸುತ್ತಿರುವ ಪದ ಯಾವುದೆಂದು ಕೇಳಿದಳು. ಹೇಳಿದೆ.

“ಆ ಪದಾ ನಮ್ಮವ್ವ ಹಾಡಿಲ್ಲ,” ಎಂದಳು. “ಮಮದಾಪುರಕ್ಕ ಹೋಗು. ಲಗಮವ್ವ ಇನ್ನಾ ಅದಾಳ. ಆಕಿನ್ನ ಕೇಳು.”

ಆ ಭಾನುವಾರವೇ ಸುಜಾತಾ ಮತ್ತು ನಾನು ಬಬಲೇಶ್ವರದಿಂದ ಮಮದಾಪುರದ ಬಸ್ಸು ಹಿಡಿದೆವು. ಬಿಸಿಲು ಆಗಲೇ ಏರಿತ್ತು. ಊರಿನ ದೊಡ್ಡ ಕೆರೆಯ ದಂಡೆಯಲ್ಲಿ ಆಡುಗಳನ್ನು ನೀರಿಗೆ ಬಿಟ್ಟು ಜಾಲಿಯ ನೆರಳಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಲಗಮವ್ವ ಆ ಊರಿನ ದಲಿತ ಕೇರಿಯವಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಮೀನವ್ವನ ಹಿಮ್ಮೇಳದಲ್ಲಿ ನಿಂತಿದ್ದಳಂತೆ. ಯಾಕೆ ಬಂದೆವೆಂದು ಹೇಳಿದಾಗ ಅವಳ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮೊದಲು ನೀರು ಕುಡಿಯಲು ಹೇಳಿದಳು, ಆಮೇಲೆ ಹೇಳತೊಡಗಿದಳು.

ಕ್ಯಾಸೆಟ್ಟು ಮಾಡಿಸಿದ್ದು ವಿಜಯಪುರದ ಒಬ್ಬ ಅಂಗಡಿಯವನು. ದಿನ ಗೊತ್ತಾಗಿತ್ತು, ಅಮೀನವ್ವನ ಚಿತ್ರ ಅಚ್ಚಾಗಿ ಬಂದಿತ್ತು. ಅದರ ಹಿಂದಿನ ವಾರ ಅಮೀನವ್ವನಿಗೆ ಗಂಟಲು ಬಿದ್ದು, ಏರುದನಿ ಹೊರಡದಾಯಿತು. ಬೇರೆ ಪದಗಳನ್ನು ಹೇಗೋ ತಗ್ಗಿನಲ್ಲಿ ಹಾಡಿದಳು. ಈ ಪದ ಏರುದನಿಯದು. ಮೇಳಕ್ಕಾಗಿ ಲಗಮವ್ವನೇ ಕಟ್ಟಿದ್ದ ಪದವೂ ಹೌದು. ಕೊನೆಗೆ ಅಮೀನವ್ವ ಅವಳನ್ನು ಮೈಕಿನ ಮುಂದೆ ತಳ್ಳಿದಳು. ಒಂದೇ ಸಲಕ್ಕೆ ಪದ ಮುಗಿಯಿತು. ಇವಳ ಹೆಸರೂ ಹಾಕಿರಿ ಎಂದು ಅಮೀನವ್ವ ಕೇಳಿದ್ದಕ್ಕೆ ಅಂಗಡಿಯವನು, ಆ ಕೇರಿಯ ಹೆಸರು ಹಾಕಿದರೆ ಯಾರು ಕೊಳ್ಳುತ್ತಾರೆ ಎಂದ. ಅಮೀನವ್ವ ಅಲ್ಲಿಗೆ ಸುಮ್ಮನಾದಳು.

ಮುಂದೆ ಆ ಪದಕ್ಕೆ ಎಲ್ಲಿ ಬೇಡಿಕೆ ಬಂದರೂ ಅಮೀನವ್ವ ತಾನು ಹಾಡುತ್ತಿರಲಿಲ್ಲವಂತೆ. ಹಿಂದೆ ಸರಿದು ತಾನು ಸೊಲ್ಲಿಗೆ ನಿಂತು, ಲಗಮವ್ವನನ್ನು ಮುಂದೆ ಬಿಡುತ್ತಿದ್ದಳು. ಯಾವುದಾದರೂ ಊರಿನವರು ಅದಕ್ಕೆ ಒಪ್ಪದಿದ್ದರೆ ಆ ಊರಿನಲ್ಲಿ ಆ ಪದವೇ ಇಲ್ಲ. ಆದರೆ ಕ್ಯಾಸೆಟ್ಟಿನ ದನಿ ಯಾರದೆಂದು ಬಾಯಿಬಿಟ್ಟು ಎಲ್ಲಿಯೂ ಹೇಳಲಿಲ್ಲ.

“ಕಸಗೊಂಡಳು ಅಂತ ನಾ ಅನ್ನಾಂಗಿಲ್ಲ,” ಎಂದಳು ಲಗಮವ್ವ. “ಒಂದಽ ಗಂಗಾಳದಾಗ ಉಂಡೇವಿ. ಆದರ ಹೇಳತಾಳ, ಇವತ್ತ ಹೇಳತಾಳ, ನಾಳಿ ಹೇಳತಾಳ ಅಂತ ಕಾದೆ. ಹೇಳಲಾರದಽ ಹೋದಳು.”

ಹಿಂತಿರುಗುವ ಬಸ್ಸಿನಲ್ಲಿ ಸುಜಾತಾ ಮತ್ತು ನಾನು ಜಗಳಾಡಿದೆವು. ಇಷ್ಟು ವರ್ಷಕ್ಕೆ ನಮ್ಮವರಿಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಒಬ್ಬಳು ಸಿಕ್ಕಿದ್ದಾಳೆ, ಇನ್ನೂ ಎರಡು ತಿಂಗಳಾಗಿಲ್ಲ, ಈಗಲೇ ಆ ಪದ ಅವಳದಲ್ಲ ಎಂದರೆ ನಮ್ಮನ್ನು ಹಳಿಯಲು ಕಾಯುತ್ತಿದ್ದವರಿಗೆ ಕೋಲು ಕೊಟ್ಟಂತಾಗುತ್ತದೆ ಎಂದು ನಾನು. ಲಗಮವ್ವನ ಮೇಲೆ ಬೇರೆಯದೇ ಒಂದು ಕಂತು ಆಮೇಲೆ ಮಾಡೋಣ ಎಂದೂ ಸೇರಿಸಿದೆ. ಸುಜಾತಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ನಿನಗ ಅಮೀನವ್ವ ಸಿಕ್ಕಾಳ. ನನಗೂ ಒಬ್ಬಾಕಿ ಇವತ್ತ ಸಿಕ್ಕಾಳ. ಆಕಿನ್ನ ಮತ್ತ ಹಿಂದ ನಿಲ್ಲಸು ಅಂತೀಯೇನು?”

ಬಬಲೇಶ್ವರದಲ್ಲಿ ಅವಳು ಇಳಿದು ಹಿಂದೆ ನೋಡದೆ ಹೋದಳು. ನಾಲ್ಕು ದಿನ ಫೋನಿಲ್ಲ.

ಅದೇ ವಾರ ಅಡ್ಡಮಳೆಯ ಮೋಡ ಕಟ್ಟಿತು. ಗುರುವಾರ ಮಧ್ಯಾಹ್ನ ಗಾಳಿ ಎದ್ದು ದಪ್ಪ ಹನಿ ಬಿದ್ದಾಗ ಎಲ್ಲರೂ ಆರಿಸುವುದು ಬಿಟ್ಟು ಶೆಡ್ಡಿನ ಬದಿಗೆ ಪರದೆ ಕಟ್ಟಲು ಓಡಿದೆವು. ತುದಿಯ ಹಗ್ಗ ನಾನೂ ಶಾಂತವ್ವನೂ ಹಿಡಿದಿದ್ದೆವು. ಕಾಲು ಗಂಟೆ ಹುಯ್ದು ಮಳೆ ನಿಂತಿತು, ಮಣೂಕ ಉಳಿಯಿತು. ಇಬ್ಬರೂ ಒದ್ದೆಯಾಗಿ ನಿಂತಿದ್ದಾಗ ಅವಳು ಅಮೀನವ್ವನ ಮುಂದಿನ ಕಂತು ಯಾವಾಗ ಎಂದು ಕೇಳಿದಳು. ಯಾಕೋ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಹೆದರಿಕೆಯನ್ನೂ ಮುಚ್ಚಿಡಲಿಲ್ಲ. ಶಾಂತವ್ವ ಸೆರಗು ಹಿಂಡುತ್ತ ಕೇಳಿದಳು.

“ಅಷ್ಟಕ್ಕ ಅಮೀನವ್ವ ಸಣ್ಣಾಕಿ ಆಗ್ತಾಳೇನ್ರಿ ಮೇಡಮ್ಮಾರ? ರೊಟ್ಟಿ ಬಡಿಯಾಕಿ ಒಬ್ಬಾಕಿ, ಬೇಯಸಾಕಿ ಒಬ್ಬಾಕಿ. ಉಂಡವರು ಇಬ್ಬರ ಹೆಸರೂ ಹೇಳಬೇಕು. ನಮ್ಮನ್ನ ಇಷ್ಟ ದಿನಾ ಅರ್ಧಾ ಹೆಸರ ಹೇಳಸೀರಿ ನೀವು.”

ಆ ಸಂಜೆ ಮನೆಗೆ ಹೋಗದೆ ನೇರ ಬಬಲೇಶ್ವರಕ್ಕೆ ಹೋದೆ. ಸುಜಾತಾ ಬಾಗಿಲು ತೆಗೆದಳು. ತಪ್ಪು ನನ್ನದು ಎಂದೆ. ಅವಳು ಒಳಗೆ ಹೋಗಿ ನನಗೊಂದು ಒಣಗಿದ ಚೂಡಿದಾರ ತಂದುಕೊಟ್ಟಳು. ಅಷ್ಟೇ ಆದದ್ದು. ಮರುದಿನದಿಂದ ಕೆಲಸ ಶುರುವಾಯಿತು.

ಲಗಮವ್ವ ಹಾಡಲು ಒಪ್ಪಿದಳು, ಆದರೆ ಒಂದು ಕರಾರು: ಅಮೀನವ್ವನ ಮಗಳು ಎದುರಿಗೆ ಕೂರಬೇಕು, ಅವಳು ಬೇಡವೆಂದರೆ ಬೇಡ. ಮುಮತಾಜ ಖಾಲಾ ಬರುತ್ತಾಳೆಂದು ನನಗೆ ನಂಬಿಕೆಯಿರಲಿಲ್ಲ. ಬಂದಳು, ಟಿಫಿನ್ ಡಬ್ಬಿಯಲ್ಲಿ ಬಿರಿಯಾನಿ ಹಿಡಿದುಕೊಂಡು. ಜೋಳದ ಚೀಲಗಳ ನಡುವೆ ಇಬ್ಬರೂ ಎದುರುಬದುರು ಕುಳಿತರು. ತಾಯಿಯ ಮೇಳದ ಜೊತೆ ಊರೂರು ತಿರುಗುವಾಗ ಈ ಲಗಮವ್ವನ ಮಡಿಲಲ್ಲೇ ಮಲಗುತ್ತಿದ್ದ ಮಗು ಅವಳು. ಲಗಮವ್ವ ಒಮ್ಮೆ ಕೆಮ್ಮಿ ಪದ ಎತ್ತಿದಳು. ಎಪ್ಪತ್ತು ದಾಟಿದ ದನಿ, ಅಲ್ಲಲ್ಲಿ ಒಡೆಯುತ್ತಿತ್ತು. ಆದರೆ ಮೂರನೆಯ ಸಲ ‘ಹಿಂದ’ ಎಂಬಲ್ಲಿ ದನಿ ಜಾರಿ, ಅರ್ಧ ಉಸಿರು ನಿಂತು, ಮತ್ತೆ ಮೇಲಕ್ಕೆ ಹೋಯಿತು. ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ ತಿರುವು. ನಾನು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ಸುಜಾತಾಳ ಕೈ ನನ್ನ ಭುಜದ ಮೇಲೆ ಬಂದು ಕೂತಿತ್ತು.

ಕಾರ್ಯಕ್ರಮದ ದಿನ ಕಳ್ಳಕವಟಗಿಯ ಹಿರಿಯರೊಬ್ಬರಿಗೆ ಮೊದಲೇ ವಿಷಯ ತಿಳಿಸಿದೆವು. ಅವರು ಕೆಟ್ಟವರಲ್ಲ. ಇವತ್ತು ಫೋಟೋದ ದಿನ, ಈ ಕಂತು ಇಂದು ಬೇಡ, ನಿಮ್ಮ ಫೋನಿನಲ್ಲಿ ಬೇಕಾದರೆ ಆಮೇಲೆ ಹೇಳಿಕೊಳ್ಳಿ ಎಂದು ಕೈಮುಗಿದರು, ನಮ್ಮ ಸ್ಪೀಕರು ಚೀಲದಲ್ಲೇ ಉಳಿಯಿತು. ಸಂಜೆ ನಾಲ್ಕಕ್ಕೆ ಭವನ ತುಂಬಿತ್ತು. ಶೆಡ್ಡಿನ ಹೆಂಗಸರು ಒಂದು ಟಂಟಂ ಆಟೋ ತುಂಬ ಬಂದಿದ್ದರು. ಲಗಮವ್ವ ಹಿಂದಿನ ಸಾಲಿನಲ್ಲಿ ಸುಜಾತಾಳ ಪಕ್ಕ ಕೂತಿದ್ದಳು. ಮಾಲೆ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಮಗಳು ಎರಡು ಮಾತಾಡಲಿ ಎಂದರು. ಮುಮತಾಜ ಖಾಲಾ ಜನ್ಮದಲ್ಲಿ ಮೈಕು ಹಿಡಿದವಳಲ್ಲ. ಸೆರಗು ಸರಿಮಾಡಿಕೊಂಡು ನಿಂತಳು.

“ನಮ್ಮವ್ವ ಹಾಡಾಕಿ ಇದ್ದಳು,” ಎಂದಳು. “ಇಷ್ಟು ವರ್ಷ ಈ ಮಾತು ನಾ ಯಾರ ಮುಂದನೂ ಆಡಿಲ್ಲ, ನಾಚಿಕಿ ಬರ್ತಿತ್ತು. ಇವತ್ತ ಇಲ್ಲ. ನಮ್ಮವ್ವನೂ ಒಂದು ಮಾತು ಆಡಲಾರದಽ ಹೋಗ್ಯಾಳ. ಅದನ್ನ ನಾ ಆಡ್ತೀನಿ. ನೀವೆಲ್ಲಾ ಕೇಳೋ ಆ ಪದಾ ಕಟ್ಟಿದಾಕಿ, ಹಾಡಿದಾಕಿ ಮಮದಾಪುರದ ಲಗಮವ್ವ. ಅಲ್ಲಿ ಹಿಂದ ಕುಂತಾಳ.”

ಭವನದಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ನಾಲ್ಕಾರು ಮಂದಿ ಎದ್ದು ಹೊರಗೆ ಹೋದರು. ಒಬ್ಬರು ನನ್ನತ್ತ ಕೈಮಾಡಿ ಏನೋ ಗದರಿದರು. ಆ ಗದ್ದಲದಲ್ಲೇ ಶಾಂತವ್ವ ಎದ್ದುನಿಂತು ಪದದ ಸೊಲ್ಲು ಎತ್ತಿದಳು. ಶೆಡ್ಡಿನ ಹೆಂಗಸರೆಲ್ಲ ಹಿಡಿದರು, ತರುಣರು ಹಿಡಿದರು. ಎಲ್ಲರೂ ಹಿಂದಕ್ಕೆ ತಿರುಗಿ ಹಾಡುತ್ತಿದ್ದರು. ಲಗಮವ್ವ ಎದ್ದು ನಡುವಿನ ದಾರಿಯಲ್ಲಿ ನಿಧಾನ ನಡೆದು ಮುಂದೆ ಬಂದಳು. ಬೇಡವೆಂದಿದ್ದ ಹಿರಿಯರೇ ಕೈಹಿಡಿದು ವೇದಿಕೆ ಹತ್ತಿಸಿದರು; ಆ ಬಿಸಿಯಲ್ಲಿ, ಇವಳದೂ ಒಂದು ಫೋಟೋ ಇಲ್ಲಿ ಹಚ್ಚೋಣ ಎಂದೂ ಘೋಷಿಸಿದರು.

“ಫೋಟೋ ಬ್ಯಾಡ್ರಿ,” ಎಂದಳು ಲಗಮವ್ವ ಮೈಕಿನಲ್ಲಿ. “ನಾ ಇನ್ನಾ ಸತ್ತಿಲ್ಲ.”

ಭವನ ನಕ್ಕಿತು. ಆಮೇಲೆ ಅವಳು ಹಾಡಿದಳು. ಮುಮತಾಜ ಖಾಲಾಳನ್ನೂ ನನ್ನನ್ನೂ ಸೊಲ್ಲಿಗೆ ಕರೆದಳು. ನಾಲ್ಕು ಜನರ ಮುಂದೆ ಎಂದೂ ಬಾಯಿಬಿಡದ ನಾನು ಆಕೆಯ ಬೆನ್ನ ಹಿಂದೆ ನಿಂತು ಜೀ ಜೀ ಎಂದೆ.

ಕೊನೆಯ ಕಂತು ಹೊರಬಂದಾಗ ಬೈದವರೂ ಇದ್ದರು. ಅಮೀನವ್ವನ ಹೆಸರು ಕೆಡಿಸಿದಿರಿ ಎಂದು ಕೆಲವರು, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೆಲವರು. ನಾನು ಹೆದರಿದ್ದ ಅನಾಹುತವೇನೂ ಆಗಲಿಲ್ಲ. ಬುರ್ಖಾ ಹಾಕಿಕೊಂಡು ಹಾಡಿದ್ದ ಆ ಹುಡುಗಿ ಮತ್ತೆ ಹಾಡಿ ಕಳಿಸಿದಳು, ಈ ಸಲ ಅಮೀನವ್ವನ ತಗ್ಗುದನಿಯ ಬೇರೊಂದು ಪದ, ಯಾರೂ ಅಷ್ಟಾಗಿ ಕೇಳದಿದ್ದದ್ದು. ಅದು ನಿಜಕ್ಕೂ ಅಮೀನವ್ವನದೇ. ನನಗೀಗ ಅದೇ ಹೆಚ್ಚು ಇಷ್ಟ. ಯಾರಾದರೂ ನನ್ನ ಕನ್ನಡವನ್ನು ಮೆಚ್ಚಿಕೊಂಡರೆ, ಹೌದು, ಇದು ಕಳ್ಳಕವಟಗಿ, ಮಮದಾಪುರದ ಕನ್ನಡ ಎಂದು ಹೇಳಿ ಮುಂದೆ ಹೋಗುತ್ತೇನೆ.

ತಿಕೋಟಾದ ಕೆಲಸ ಮುಗಿಸಿ ಮೊನ್ನೆ ಬಬಲೇಶ್ವರಕ್ಕೂ ಹೋಗಿದ್ದೆ. ಶನಿವಾರ. ಸುಜಾತಾಳ ಶಾಲೆಯಲ್ಲಿ ಶನಿವಾರ ಬೆಳಗಿನ ಪಾಠ ಮುಗಿದ ಮೇಲೆ ಲಗಮವ್ವ ಹೆಣ್ಣುಮಕ್ಕಳಿಗೆ ಪದ ಕಲಿಸುತ್ತಾಳೆ. ಬೇವಿನ ಕೆಳಗೆ ಹತ್ತು ಹನ್ನೆರಡು ಮಂದಿ ಕುಳಿತಿದ್ದರು. ಒಬ್ಬ ಹುಡುಗಿ ಎದ್ದು ನಿಂತು, ಕಣ್ಣು ಮುಚ್ಚಿ, ಚೆಂದವಾಗಿ ದನಿ ಎತ್ತಿದಳು. ಲಗಮವ್ವ ಡಪ್ಪಿನ ಮೇಲೆ ಒಂದು ಪೆಟ್ಟು ಹಾಕಿ ಅವಳನ್ನು ನಿಲ್ಲಿಸಿದಳು.

“ಮದಲ ಹೆಸರ ಹೇಳ ಬೇ,” ಎಂದಳು. “ಊರ ಹೇಳ. ಆಮ್ಯಾಲ ಹಾಡು.”

ಹುಡುಗಿ ಕಣ್ಣು ತೆರೆದು, ಕೈ ಕಟ್ಟಿಕೊಂಡು, ತನ್ನ ಹೆಸರು ಹೇಳಿದಳು. ಮೆಲ್ಲಗೆ ಹೇಳಿದ್ದಕ್ಕೆ ಲಗಮವ್ವ ಇನ್ನೊಮ್ಮೆ ಜೋರಾಗಿ ಹೇಳಿಸಿದಳು.